ಪುರುಷರ ಪರೀಕ್ಷೆಯೂ ಪತ್ನಿಯರ ಮೇಲಣ ಸಂದೇಹವೂ

ನಮ್ಮ ಪತ್ರಿಕೆಗೆ ಇಪ್ಪತ್ತು ವರ್ಷಗಳಿಂದ ಚಂದಾದಾರರಾಗಿರುವ ಗೃಹಸ್ಥರೊಬ್ಬರು ಕಳೆದ ತಿಂಗಳು ನಮಗೊಂದು ಕಾಗದ ಬರೆದಿದ್ದಾರೆ. ಅವರು ಸರಕಾರದ ಕಚೇರಿಯೊಂದರಲ್ಲಿ ಜವಾಬುದಾರಿಯ ಹುದ್ದೆಯಲ್ಲಿರತಕ್ಕವರು. ಅವರ ಹೆಸರನ್ನಾಗಲಿ ಊರನ್ನಾಗಲಿ ನಾವು ಇಲ್ಲಿ ಕೊಡುವುದಿಲ್ಲ. ಅವರ ಪತ್ನಿ, ನಲವತ್ತು ದಾಟಿದವರು, ಆಸ್ಪತ್ರೆಯಲ್ಲಿ ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಂಡಾಗ ಎಚ್.ಪಿ.ವಿ. ಎಂಬ ಸೋಂಕು ಇದೆಯೆಂದು ಫಲಿತಾಂಶ ಬಂದಿತಂತೆ. ಇದು ಸ್ತ್ರೀಪುರುಷ ಸಂಪರ್ಕದಿಂದ ಹರಡತಕ್ಕ ಸೋಂಕೆಂದು ಯಾರೋ ಹೇಳಿದರು. ಹಾಗಿದ್ದರೆ ತಾವೂ ಪರೀಕ್ಷೆಗೆ ಒಳಗಾಗುವುದು ನ್ಯಾಯವೆಂದು ಬಗೆದು ಈ ಗೃಹಸ್ಥರು ಒಂದು ಖಾಸಗಿ ಪ್ರಯೋಗಶಾಲೆಗೆ ಹೋದರು. ಅಲ್ಲಿಯವರು ಇವರ ರಕ್ತವನ್ನು ತೆಗೆದುಕೊಂಡು, ಕೆಲವು ಸಾವಿರ ರೂಪಾಯಿಗಳನ್ನೂ ತೆಗೆದುಕೊಂಡು, ಮೂರನೆಯ ದಿನ 'ಸೋಂಕು ಇಲ್ಲ' ಎಂದು ಅಚ್ಚಾದ ಹಾಳೆಯೊಂದನ್ನು ಕೈಗಿತ್ತರು. ಆ ಹಾಳೆ ಮನೆಯೊಳಗೆ ಬಂದ ದಿನದಿಂದ ಗಂಡಹೆಂಡಿರಲ್ಲಿ ಮಾತಿಲ್ಲ. ಹದಿನೆಂಟು ವರ್ಷ ಸಂಸಾರ ನಡೆಸಿದ ಆ ಗೃಹಿಣಿ ಈಗ ತವರುಮನೆಯಲ್ಲಿದ್ದಾರೆ. "ನನಗಿಲ್ಲದ ಸೋಂಕು ಆಕೆಗೆ ಬಂದದ್ದೆಲ್ಲಿಂದ? ಬಲ್ಲವರಾದ ತಾವೇ ಹೇಳಬೇಕು" ಎಂದು ಪತ್ರಲೇಖಕರು ನಮ್ಮನ್ನು ಕೇಳಿದ್ದಾರೆ.

ಈ ಕಾಗದವನ್ನು ಓದಿ ನಮಗಾದ ಸಂಕಟಕ್ಕೆ ಮತ್ತೊಂದು ಕಾರಣವೂ ಉಂಟು. ಎರಡು ವರ್ಷಗಳ ಹಿಂದೆ ಇದೇ ಪುಟದಲ್ಲಿ ನಾವು, ಈ ಸೋಂಕಿನ ಪರೀಕ್ಷೆ ಹೆಂಗಸರಿಗೆ ಮಾತ್ರ ಏಕೆ, ಅದನ್ನು ಮನೆಗೆ ಹೊತ್ತುತರುವ ಗಂಡಸರಿಗೆ ಏಕಿಲ್ಲ ಎಂದು ಆವೇಶದಿಂದ ಕೇಳಿದ್ದೆವು. ಆ ಲೇಖನವನ್ನು ಮೆಚ್ಚಿ ಬಂದ ಕಾಗದಗಳೂ ಹಲವಿದ್ದವು. ನ್ಯಾಯದ ದೃಷ್ಟಿಯಿಂದ ಬರೆದ ಮಾತು ಅದು, ನಿಜ. ಆದರೆ ವೈದ್ಯಶಾಸ್ತ್ರ ಬಲ್ಲ ಒಬ್ಬರನ್ನೂ ವಿಚಾರಿಸದೆ ಬರೆದ ಮಾತು. ಪಾಠಶಾಲೆಯಲ್ಲಿ ಅಮರಕೋಶ ಉರುಹೊಡೆದು ಮೆಟ್ರಿಕ್ಯುಲೇಷನ್‌ಗೆ ನಿಂತುಹೋದ ನಮ್ಮ ವಿದ್ಯೆಗೆ ಅಷ್ಟು ಧೈರ್ಯ ಸಲ್ಲದಾಗಿತ್ತು. ನಮ್ಮ ಪತ್ರಲೇಖಕರು ಪ್ರಯೋಗಶಾಲೆಯ ಮೆಟ್ಟಿಲು ಹತ್ತಿದ್ದು ಆ ಲೇಖನದ ಕತ್ತರಿಸಿದ ತುಂಡನ್ನು ಜೇಬಿನಲ್ಲಿಟ್ಟುಕೊಂಡೇ ಎಂದು ಅವರೇ ಬರೆದಿದ್ದಾರೆ. ಆದುದರಿಂದ ಅಂದು ಕೇಳಿದ ಪ್ರಶ್ನೆಗೆ ಇಂದು ನಾವೇ ಉತ್ತರ ಹುಡುಕಿಕೊಂಡು ಬಂದು ಹೇಳುವುದು ಋಣ ತೀರಿಸುವ ಕೆಲಸವಾಗಿದೆ.

ಮರ್ಯಾದಸ್ಥರ ಮನೆಗಳಲ್ಲಿ ಓದತಕ್ಕ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬುಗಂಟಿಕ್ಕುವವರು ಇಲ್ಲದಿಲ್ಲ. ಅವರಿಗೆ ನಾವು ಒಂದು ಲೆಕ್ಕವನ್ನು ಮಾತ್ರ ಮುಂದಿಡುತ್ತೇವೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಅಂದಾಜಿನಂತೆ ೨೦೨೨ನೆಯ ಇಸವಿ ಒಂದರಲ್ಲಿಯೇ ನಮ್ಮ ದೇಶದ ೧,೨೭,೫೨೬ ಸ್ತ್ರೀಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ತಗುಲಿತು. ೭೯,೯೦೬ ಮಂದಿ ಅದರಿಂದ ಮೃತರಾದರು. ದಿನವೊಂದಕ್ಕೆ ಇನ್ನೂರಕ್ಕೂ ಮೇಲೆ. ಅವರಲ್ಲಿ ಬಹುಮಂದಿ ಮಧ್ಯವಯಸ್ಸಿನ ಗೃಹಿಣಿಯರು. ನಮ್ಮ ನಿಮ್ಮ ಮನೆಗಳಲ್ಲಿ ಕಾಣುವಂಥವರು. ಈ ವ್ಯಾಧಿಯ ಮೂಲವೆಲ್ಲ ಬಹುಮಟ್ಟಿಗೆ ಈ ಒಂದು ಸೋಂಕೇ. ಇಷ್ಟನ್ನು ತಿಳಿದೂ ಸಭ್ಯತೆಯ ಹೆಸರಿನಲ್ಲಿ ಬಾಯಿ ಮುಚ್ಚಿಕೊಳ್ಳುವುದನ್ನು ಸಭ್ಯತೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ಎಚ್.ಪಿ.ವಿ. ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇದು ಒಂದೇ ವೈರಾಣುವಲ್ಲ. ಇನ್ನೂರಕ್ಕೂ ಮೇಲ್ಪಟ್ಟ ಬಗೆಗಳುಳ್ಳ ಒಂದು ದೊಡ್ಡ ಕುಲ. ಇವುಗಳಲ್ಲಿ ಕೈಕಾಲುಗಳ ಮೇಲೆ ನರಹುಲಿಯನ್ನು ಎಬ್ಬಿಸುವಂಥವೂ ಉಂಟು. ಗುಹ್ಯಭಾಗಕ್ಕೆ ತಗುಲತಕ್ಕವುಗಳಲ್ಲಿ ಹನ್ನೆರಡು ಹದಿನಾಲ್ಕು ಬಗೆಗಳು ಮಾತ್ರ ಕ್ಯಾನ್ಸರಿಗೆ ದಾರಿಮಾಡುವಂಥವು. ಅವುಗಳಲ್ಲಿಯೂ ೧೬ ಮತ್ತು ೧೮ ಎಂಬ ಸಂಖ್ಯೆಯ ಎರಡೇ ಬಗೆಗಳು ಗರ್ಭಕೊರಳಿನ ಕ್ಯಾನ್ಸರಿನ ನೂರಕ್ಕೆ ಸುಮಾರು ಎಪ್ಪತ್ತು ಪಾಲಿಗೆ ಕಾರಣ. ಇಟಲಿಯ ರಿಗೋನಿ ಸ್ಟರ್ನ್ ಎಂಬ ವೈದ್ಯ ವೆರೋನಾ ನಗರದ ಮರಣದ ದಾಖಲೆಗಳನ್ನು ತಿರುವಿಹಾಕಿ, ಗರ್ಭಾಶಯದ ಕ್ಯಾನ್ಸರು ವಿವಾಹಿತೆಯರಲ್ಲಿ ಹೆಚ್ಚು, ಕ್ರೈಸ್ತ ಸಂನ್ಯಾಸಿನಿಯರಲ್ಲಿ ವಿರಳ ಎಂದು ೧೮೪೨ರಲ್ಲಿಯೇ ತೋರಿಸಿಕೊಟ್ಟಿದ್ದನು. ಕಾರಣ ತಿಳಿಯಲು ಮತ್ತೆ ನೂರ ನಲವತ್ತು ವರ್ಷ ಬೇಕಾಯಿತು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸನ್ ಎಂಬ ವಿಜ್ಞಾನಿ ೧೯೮೩ ಮತ್ತು ೧೯೮೪ರಲ್ಲಿ ಈ ಎರಡು ಬಗೆಗಳನ್ನು ಕ್ಯಾನ್ಸರಿನ ಗಡ್ಡೆಯೊಳಗೇ ಕಂಡುಹಿಡಿದರು. ೨೦೦೮ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಈಗ ನಮ್ಮ ಹಳೆಯ ಪ್ರಶ್ನೆಗೆ ಬರೋಣ. ಗಂಡಸರಲ್ಲಿ ಈ ಸೋಂಕು ಇಲ್ಲವೆ? ಯಥೇಚ್ಛವಾಗಿದೆ. ಜಗತ್ತಿನ ನಾನಾ ದೇಶಗಳ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ೨೦೨೩ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹದಿನೈದು ವರ್ಷ ಮೀರಿದ ಗಂಡಸರಲ್ಲಿ ಹೆಚ್ಚುಕಡಮೆ ಮೂವರಲ್ಲೊಬ್ಬನಿಗೆ ಈ ಕುಲದ ಯಾವುದಾದರೊಂದು ಬಗೆಯೂ, ಐವರಲ್ಲೊಬ್ಬನಿಗೆ ಕ್ಯಾನ್ಸರ್ ತರಬಲ್ಲ ಬಗೆಯೂ ಇರುತ್ತದೆ. ಹಾಗಾದರೆ ಇಷ್ಟು ಮಂದಿಯನ್ನು ಪರೀಕ್ಷಿಸಿ ಹಿಡಿಯಬಾರದೇಕೆ? ಇದನ್ನು ನಾವು ಮೂವರು ವೈದ್ಯರ ಮುಂದಿಟ್ಟು ಕೇಳಿದೆವು. ಮೂವರೂ ಬೇರೆ ಬೇರೆ ಮಾತುಗಳಲ್ಲಿ ಒಂದೇ ಉತ್ತರ ಕೊಟ್ಟರು: ಗಂಡಸರಲ್ಲಿ ಈ ಸೋಂಕನ್ನು ಕಂಡುಹಿಡಿಯುವುದಕ್ಕಾಗಿ ಮಾನ್ಯತೆ ಪಡೆದ ಪರೀಕ್ಷೆ ಬಳಕೆಯಲ್ಲಿಲ್ಲ. ಅಮೆರಿಕದ ರೋಗನಿಯಂತ್ರಣ ಕೇಂದ್ರದವರೂ ಇದನ್ನೇ ಹೇಳುತ್ತಾರೆ. ಇದು ಗಂಡಸರ ಮೇಲಣ ದಾಕ್ಷಿಣ್ಯದಿಂದ ಆದುದಲ್ಲ. ವಿಷಯದ ಸ್ವರೂಪವೇ ಹಾಗಿದೆ.

ಸ್ತ್ರೀಯರ ಗರ್ಭಕೊರಳಿನಲ್ಲಿ ಎರಡು ಬಗೆಯ ಒಳಚರ್ಮಗಳು ಕೂಡುವ ಒಂದು ಸಣ್ಣ ವಲಯವುಂಟು. ಕ್ಯಾನ್ಸರ್ ಹುಟ್ಟುವುದು ಬಹುಮಟ್ಟಿಗೆ ಆ ಸ್ಥಳದಲ್ಲಿಯೇ. ವೈದ್ಯರು ಅಲ್ಲಿಂದ ಜೀವಕೋಶಗಳನ್ನು ಸವರಿ ತೆಗೆಯಬಲ್ಲರು, ಆ ಸ್ಥಳವನ್ನು ಕಣ್ಣಾರೆ ನೋಡಬಲ್ಲರು, ಕೆಟ್ಟದ್ದು ಕಂಡರೆ ಕ್ಯಾನ್ಸರ್ ಆಗುವುದಕ್ಕೆ ಮೊದಲೇ ಸುಟ್ಟೋ ಕತ್ತರಿಸಿಯೋ ತೆಗೆದುಹಾಕಬಲ್ಲರು. ಸೋಂಕು ಕ್ಯಾನ್ಸರಾಗಿ ಮಾಗುವುದಕ್ಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕಾಗುವುದರಿಂದ ಅಷ್ಟಕ್ಕೆ ಕಾಲಾವಕಾಶವೂ ಉಂಟು. ಎಂದರೆ, ಅಲ್ಲಿ ಪರೀಕ್ಷೆಯ ಹಿಂದೆ ಚಿಕಿತ್ಸೆ ಇದೆ. ಗಂಡಸರಲ್ಲಿ ಇಂಥ ಒಂದು ಸ್ಥಳವಿಲ್ಲ. ಸೋಂಕು ಗುಹ್ಯಭಾಗದ ಚರ್ಮದಲ್ಲಿ ಎಲ್ಲಿಯಾದರೂ ಇರಬಹುದು. ಇಂದು ಒಂದು ಕಡೆ ಒರಸಿದರೆ ಸಿಗದೆ ನಾಳೆ ಇನ್ನೊಂದು ಕಡೆ ಸಿಗಬಹುದು. ಆ ಚರ್ಮ ಒರಟಾಗಿರುವುದರಿಂದ ಸಾಕಷ್ಟು ಜೀವಕೋಶಗಳು ಕೈಗೆ ಬರುವುದೂ ಕಷ್ಟ. ಸಂಶೋಧಕರು ನಯವಾದ ಮರಳುಕಾಗದದಿಂದ ಮೆಲ್ಲನೆ ಉಜ್ಜಿ, ಒದ್ದೆಯ ಹತ್ತಿಕಡ್ಡಿಯಿಂದ ಎರಡು ಮೂರು ಭಾಗಗಳನ್ನು ಒರಸಿ ನೋಡಿದ್ದುಂಟು. ಸಂಶೋಧನೆಗೆ ಅದು ಸರಿ. ಊರೂರಿನ ಆಸ್ಪತ್ರೆಯಲ್ಲಿ ಒಬ್ಬ ಮನುಷ್ಯನಿಗೆ 'ನಿನಗಿದೆ', 'ನಿನಗಿಲ್ಲ' ಎಂದು ತೀರ್ಪು ಕೊಡುವುದಕ್ಕೆ ಅದು ಸಾಲದು.

ಇದ್ದರೂ ಆಗುವುದೇನು? ಈ ವೈರಾಣುವನ್ನೇ ದೇಹದಿಂದ ಹೊರಡಿಸುವ ಔಷಧವಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಸೋಂಕು, ಹೆಣ್ಣಿರಲಿ ಗಂಡಿರಲಿ, ಎರಡು ವರ್ಷಗಳೊಳಗೆ ದೇಹದ ಶಕ್ತಿಯಿಂದಲೇ ಅಡಗಿಹೋಗುತ್ತದೆ. ಹೋದದ್ದು ಮತ್ತೆ ಬರುವುದೂ ಉಂಟು. ಹೀಗಿರಲು ಗಂಡಸಿನ ಪರೀಕ್ಷೆಯ ಫಲಿತಾಂಶವೆಂಬುದು ಹರಿಯುವ ಹೊಳೆಯ ನೀರಿಗೆ ಮೊಹರು ಹಾಕಿದಂತೆ. ಇದೆಯೆಂದು ಬಂದರೆ ಅವನಿಗೆ ಕೊಡತಕ್ಕ ಮದ್ದಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ. ಇಲ್ಲವೆಂದು ಬಂದರೆ, ನಮ್ಮ ಪತ್ರಲೇಖಕರ ಮನೆಯಲ್ಲಿ ಆದಂತೆ, ಅದಕ್ಕಿಂತ ದೊಡ್ಡ ಅನರ್ಥ.

ಇನ್ನು ಆ ಪ್ರಯೋಗಶಾಲೆಯವರು ಮಾಡಿದ್ದಾದರೂ ಏನು? ರಕ್ತದ ಪರೀಕ್ಷೆ! ಈ ಸೋಂಕು ರಕ್ತದಲ್ಲಿ ಸಂಚರಿಸತಕ್ಕದ್ದಲ್ಲ. ಚರ್ಮದ ಮತ್ತು ಒಳಚರ್ಮದ ಕೋಶಗಳಲ್ಲಿ ಮನೆಮಾಡಿಕೊಂಡು ಇರತಕ್ಕದ್ದು. ಸೋಂಕು ತಗುಲಿದ ಗಂಡಸರಲ್ಲಿ ಅನೇಕರ ರಕ್ತದಲ್ಲಿ ಅದರ ಕುರುಹೂ ಮೂಡುವುದಿಲ್ಲ. ರಕ್ತವನ್ನು ನೋಡಿ ಒಬ್ಬನು ಈ ಸೋಂಕಿನಿಂದ ಮುಕ್ತನೆಂದು ಹೇಳುವುದು, ಅಂಗಳದಲ್ಲಿ ಹೆಜ್ಜೆಗುರುತಿಲ್ಲವಾದ್ದರಿಂದ ಮನೆಯೊಳಗೆ ಯಾರೂ ಇಲ್ಲವೆಂದು ಸಾಕ್ಷಿ ಹೇಳಿದಂತೆ. ಹಣ ಹೋದದ್ದಕ್ಕೆ ನಾವು ಅಷ್ಟಾಗಿ ಮರುಗುವುದಿಲ್ಲ. ಅರ್ಥವಿಲ್ಲದ ಒಂದು ಹಾಳೆಯ ಬಲದಿಂದ ಒಬ್ಬ ಸ್ತ್ರೀಯ ಶೀಲದ ಮೇಲೆ ಹಾಡುಹಗಲೇ ತೀರ್ಪು ಬರೆದಂತಾಯಿತಲ್ಲ, ಇದಕ್ಕೆ ಯಾರು ಹೊಣೆ? ಔಷಧದ ಅಂಗಡಿಗೆ ಪರವಾನಗಿ ಬೇಕು, ತಕ್ಕಡಿಯ ತೂಕಕ್ಕೆ ಮುದ್ರೆ ಬೇಕು. ಮನೆ ಮುರಿಯುವ ಇಂಥ ಹಾಳೆಗಳ ವ್ಯಾಪಾರವನ್ನು ವಿಚಾರಿಸುವುದು ತಮ್ಮ ಕರ್ತವ್ಯವೆಂದು ಆರೋಗ್ಯ ಇಲಾಖೆಯ ಜಿಲ್ಲಾಧಿಕಾರಿಗಳು ಭಾವಿಸಬೇಕೆಂದು ಬಲವಾಗಿ ಕೇಳುತ್ತೇವೆ. ಯಾವ ಪರೀಕ್ಷೆ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂದು ಫಲಿತಾಂಶದ ಹಾಳೆಯ ಮೇಲೆಯೇ ಕನ್ನಡದಲ್ಲಿ ಅಚ್ಚುಹಾಕಿಸಿದರೂ ಅರ್ಧ ಅನರ್ಥ ತಪ್ಪೀತು.

ಒಂದು ಅಪವಾದವನ್ನು ಇಲ್ಲಿ ಹೇಳಿಬಿಡಬೇಕು. ಎಚ್.ಐ.ವಿ. ಸೋಂಕಿನೊಡನೆ ಬಾಳುತ್ತಿರುವವರಲ್ಲಿ, ವಿಶೇಷವಾಗಿ ಪುರುಷರೊಡನೆ ಸಂಪರ್ಕವುಳ್ಳ ಪುರುಷರಲ್ಲಿ, ಗುದದ್ವಾರದ ಕ್ಯಾನ್ಸರಿನ ಭಯ ಇತರರಿಗಿಂತ ಬಹಳ ಹೆಚ್ಚು. ಅಂಥವರಲ್ಲಿ ಕ್ಯಾನ್ಸರಿಗೆ ಹಿಂದಿನ ಹಂತವನ್ನು ಹುಡುಕಿ ಚಿಕಿತ್ಸೆ ಮಾಡಿದರೆ ಕ್ಯಾನ್ಸರ್ ಅರ್ಧಕ್ಕೂ ಕಡಮೆಯಾಗುತ್ತದೆಂದು ಅಮೆರಿಕದ ಒಂದು ದೊಡ್ಡ ಪ್ರಯೋಗ ೨೦೨೨ರಲ್ಲಿ ತೋರಿಸಿಕೊಟ್ಟಿದೆ. ಅವರು ತಮ್ಮ ವೈದ್ಯರನ್ನು ಕೇಳಿ ತಪಾಸಣೆ ಮಾಡಿಸಿಕೊಳ್ಳುವುದು ಯುಕ್ತ. ಅದು ವೈರಾಣುವಿಗಾಗಿ ಮಾಡುವ ಪರೀಕ್ಷೆಯಲ್ಲ, ಕೆಡುತ್ತಿರುವ ಜೀವಕೋಶಗಳಿಗಾಗಿ ಮಾಡುವ ಹುಡುಕಾಟ. ಉಳಿದ ಗಂಡಸರೂ ವೈದ್ಯರ ಕಡೆಗೆ ಬೆನ್ನು ತಿರುಗಿಸಿ ಕೂರಬಹುದೆಂದು ಅರ್ಥವಲ್ಲ. ಶಿಶ್ನದ ಕ್ಯಾನ್ಸರಿನಲ್ಲಿ ಸುಮಾರು ಅರ್ಧ ಪಾಲು ಈ ಸೋಂಕಿನಿಂದಲೇ ಆಗತಕ್ಕದ್ದು. ಮಾಯದ ಹುಣ್ಣು, ಹೊಸ ನರಹುಲಿ, ಹಿಂದಕ್ಕೆ ಸರಿಯದ ಮುಂದೊಗಲು, ಗಂಟಲಲ್ಲಿ ಅಥವಾ ಕತ್ತಿನಲ್ಲಿ ಕರಗದ ಗಂಟು, ಇವನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಂಡು ತಡಮಾಡಿ ಬಂದ ಗಂಡಸರನ್ನು ಕಂಡು ಬೇಸತ್ತಿದ್ದೇವೆಂದು ನಮಗೆ ಹೇಳಿದ ವೈದ್ಯರುಂಟು.

ನಮ್ಮ ಹಳೆಯ ಲೇಖನದ ಆವೇಶಕ್ಕೆ ಚರಿತ್ರೆಯ ಆಧಾರವೇನೋ ಇತ್ತು. ೧೮೬೮ರಲ್ಲಿ ಬ್ರಿಟಿಷ್ ಸರಕಾರ ಈ ದೇಶದಲ್ಲಿ 'ಕಂಟೇಜಿಯಸ್ ಡಿಸೀಸಸ್ ಆಕ್ಟ್' ಎಂಬ ಕಾಯಿದೆಯನ್ನು ತಂದಿತು. ದಂಡಿನ ಸೋಲ್ಜರರಿಗೆ ಗುಹ್ಯರೋಗ ತಗುಲುತ್ತಿದೆಯೆಂಬುದು ಅದರ ನೆಪ. ವೇಶ್ಯೆಯರೆಂದು ಹೆಸರು ದಾಖಲಾದ ಹೆಂಗಸರನ್ನು ಕಾಲಕಾಲಕ್ಕೆ ಬಲಾತ್ಕಾರದಿಂದ ಪರೀಕ್ಷಿಸುವುದು, ರೋಗವಿದ್ದವರನ್ನು 'ಲಾಕ್ ಆಸ್ಪತ್ರೆ'ಯಲ್ಲಿ ಕೂಡಿಹಾಕುವುದು, ಇದು ಆ ಕಾಯಿದೆಯ ವಿಧಾನ. ನಮ್ಮ ಬೆಂಗಳೂರಿನ ದಂಡುಪ್ರದೇಶವೂ ಇಂಥ ಆಸ್ಪತ್ರೆಯನ್ನು ಕಂಡಿದೆ. ಆ ಕಾಯಿದೆಯಲ್ಲಿ ಸೋಲ್ಜರನಿಗೆ ಪರೀಕ್ಷೆಯಿಲ್ಲ. ಇಂಗ್ಲೆಂಡಿನಲ್ಲಿ ಇದೇ ಬಗೆಯ ಕಾಯಿದೆಯ ವಿರುದ್ಧ ಜೋಸೆಫೀನ್ ಬಟ್ಲರ್ ಎಂಬ ಮಹಿಳೆ ವರ್ಷಗಟ್ಟಲೆ ಹೋರಾಡಿದರು; ಅಲ್ಲಿ ೧೮೮೬ರಲ್ಲಿ, ಇಲ್ಲಿ ೧೮೮೮ರಲ್ಲಿ ಅದು ರದ್ದಾಯಿತು. ಗಂಡಸು ತಂದ ರೋಗಕ್ಕೆ ಹೆಂಗಸನ್ನು ಮಾತ್ರ ಮಂಚದ ಮೇಲೆ ಮಲಗಿಸುವ ಈ ಪದ್ಧತಿಯನ್ನು ನೆನೆದಾಗ ಇಂದಿನ ಸ್ತ್ರೀಯರು "ನಮಗೇ ಏಕೆ?" ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಅಂದಿಗೂ ಇಂದಿಗೂ ಭೇದವುಂಟು. ಅಂದು ಗಂಡಸಿನ ರೋಗವನ್ನು ನೋಡಬಹುದಾಗಿತ್ತು, ಬೇಕೆಂದೇ ನೋಡಲಿಲ್ಲ. ಇಂದು ಅವನನ್ನು ನೋಡುವುದರಿಂದ ಅವನಿಗಾಗಲಿ ಅವನ ಹೆಂಡತಿಗಾಗಲಿ ಪ್ರಯೋಜನವಿಲ್ಲ. ಹೆಂಗಸಿನ ಪರೀಕ್ಷೆಯಾದರೋ ಅವಳ ಪ್ರಾಣವನ್ನು ಉಳಿಸತಕ್ಕದ್ದು. ಅಂದಿನ ಪರೀಕ್ಷೆ ಶಿಕ್ಷೆ, ಇಂದಿನದು ರಕ್ಷೆ. ಇಷ್ಟನ್ನು ಎರಡು ವರ್ಷಗಳ ಹಿಂದೆ ನಾವು ತಿಳಿಯದೆ ಹೋದೆವು.

ಪತ್ರಲೇಖಕರ ಮುಖ್ಯ ಪ್ರಶ್ನೆ ಇನ್ನೂ ಉಳಿದಿದೆ: ಆಕೆಗೆ ಬಂದದ್ದೆಲ್ಲಿಂದ? ಇದಕ್ಕೆ ಉತ್ತರ ಕೊಡಬಲ್ಲ ಪರೀಕ್ಷೆ ಜಗತ್ತಿನಲ್ಲಿ ಇಲ್ಲ. ಈ ಸೋಂಕು ಯಾವ ಚಿಹ್ನೆಯನ್ನೂ ತೋರದೆ ಹತ್ತು ಹದಿನೈದು ವರ್ಷ ಅಡಗಿದ್ದು, ದೇಹದ ಶಕ್ತಿ ಕುಂದಿದಾಗ ಮತ್ತೆ ತಲೆದೋರಬಲ್ಲದು. ಇಂದು ಪರೀಕ್ಷೆಯಲ್ಲಿ ಕಂಡದ್ದು ಮದುವೆಯ ಮೊದಲನೆಯ ವರ್ಷದಲ್ಲಿ ಬಂದದ್ದಾಗಿರಬಹುದು. ಗಂಡನಿಂದ ಬಂದು, ಗಂಡನಲ್ಲಿ ಅಡಗಿಹೋಗಿ, ಹೆಂಡತಿಯಲ್ಲಿ ಉಳಿದದ್ದಾಗಿರಬಹುದು. ಆ ಗಂಡನಿಗೆ ಬಂದದ್ದು ಮದುವೆಗೂ ಮೊದಲಿನ ಯೌವನದ ಯಾವುದೋ ಮರೆತ ದಿನದ್ದಾಗಿರಬಹುದು. ಅದಕ್ಕೆ ಪೂರ್ಣಪ್ರಮಾಣದ ಸಂಪರ್ಕವೇ ಬೇಕೆಂದೂ ಇಲ್ಲ. ಚರ್ಮ ಚರ್ಮಕ್ಕೆ ತಾಕಿದರೂ ಸಾಕು. ನಿರೋಧ್ ಬಳಸಿದರೆ ಭಯ ತಗ್ಗುವುದೇ ಹೊರತು ಪೂರ್ತಿ ನೀಗುವುದಿಲ್ಲ. ಆದುದರಿಂದ ಹೆಂಡತಿಯ ಫಲಿತಾಂಶದಿಂದ ಹೆಂಡತಿಯ ನಡತೆಯನ್ನೂ, ಗಂಡನ ಫಲಿತಾಂಶದಿಂದ ಗಂಡನ ನಡತೆಯನ್ನೂ ಅಳೆಯಲು ಹೊರಟವನು ಪಂಚಾಂಗ ನೋಡಿ ಜ್ವರ ಅಳೆದಂತೆ.

ಸಂದೇಹವನ್ನೇ ಪಡಬೇಕೆಂದು ಹಟವಿದ್ದವರು ಯಾವ ದಿಕ್ಕಿಗೆ ಪಡಬೇಕೆಂಬುದನ್ನೂ ತಿಳಿದಿರಲಿ. ಜೀವಮಾನದಲ್ಲಿ ಪತಿಯೊಬ್ಬನನ್ನಲ್ಲದೆ ಬೇರೆ ಗಂಡಸನ್ನು ಅರಿಯದ ಸ್ತ್ರೀಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಏಕೆ ಬರುತ್ತದೆಂದು ನಮ್ಮ ದೇಶದ ವೈದ್ಯರೇ ಶೋಧಿಸಿ ೧೯೯೩ರಲ್ಲಿ ಪ್ರಕಟಿಸಿದ್ದಾರೆ. ಅವರಿಗೆ ಕಂಡುಬಂದದ್ದು ಗಂಡಂದಿರ ವಿವಾಹಪೂರ್ವದ ಮತ್ತು ವಿವಾಹಬಾಹಿರ ಸಂಬಂಧಗಳು. ನಮ್ಮ ಪತ್ರಲೇಖಕರ ಮೇಲೆ ಇದನ್ನು ಹೊರಿಸುವ ಉದ್ದೇಶ ನಮ್ಮದಲ್ಲ. ಅವರು ಪ್ರಾಮಾಣಿಕರೆಂದೇ ನಂಬುತ್ತೇವೆ. ಇಂಥ ಎರಡು ಹಾಳೆಗಳು ಎದುರುಬದುರಾದಾಗ ನಮ್ಮ ಸಮಾಜದಲ್ಲಿ ಮನೆ ಬಿಟ್ಟು ಹೋಗುವವಳು ಯಾವಾಗಲೂ ಹೆಂಗಸೇ ಆಗುತ್ತಾಳಲ್ಲ, ಅದನ್ನು ಕುರಿತು ಮಾತ್ರ ನಮಗೆ ನಾಚಿಕೆಯಾಗುತ್ತದೆ.

ಗಂಡಸಿಗೆ ಪರೀಕ್ಷೆ ಇಲ್ಲವೆಂದ ಮೇಲೆ ಅವನ ಪಾಲಿನ ಕೆಲಸವೂ ಇಲ್ಲವೆ? ಬೇಕಾದಷ್ಟಿದೆ. ಮೊದಲನೆಯದು ಮನೆಯ ಹೆಂಗಸರನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವುದು. ನಮ್ಮ ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗ ಅದಕ್ಕೆ ಧಾರಾಶಿವ ಎಂದು ಹೆಸರು, ಮೂವತ್ತರಿಂದ ಐವತ್ತೊಂಬತ್ತು ವಯಸ್ಸಿನ ೧,೩೧,೭೪೬ ಗ್ರಾಮೀಣ ಸ್ತ್ರೀಯರ ಮೇಲೆ ನಡೆದ ಮಹಾಪ್ರಯೋಗದ ಫಲಿತಾಂಶ ೨೦೦೯ರಲ್ಲಿ ಹೊರಬಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆಗೆ ಕರೆಯಲಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಬೀದರ, ಕಲಬುರಗಿಗಳ ಗಡಿಗೆ ಹೊಂದಿದ ಬಡ ಜಿಲ್ಲೆಯಲ್ಲಿ ಸಾಧ್ಯವಾದದ್ದು ಇದು! ಜಗತ್ತಿಗೇ ಪಾಠವಾದ ಈ ಕೆಲಸದಿಂದ ನಾವು ಕಲಿತದ್ದೇನು? ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮೂವತ್ತರಿಂದ ನಲವತ್ತೊಂಬತ್ತರೊಳಗಿನ ಸ್ತ್ರೀಯರಲ್ಲಿ ಎಂದಾದರೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ, ೧.೯. ವಿಶ್ವ ಆರೋಗ್ಯ ಸಂಸ್ಥೆಯವರು ೨೦೩೦ಕ್ಕೆ ಇಟ್ಟಿರುವ ಗುರಿ ನೂರಕ್ಕೆ ಎಪ್ಪತ್ತು.

ಇದೆಲ್ಲ ಸರಕಾರದ ಉದಾಸೀನದಿಂದಲೇ ಆಯಿತೆಂದು ಬರೆಯುವುದು ನಮ್ಮಂಥವರಿಗೆ ಸುಲಭ. ಹಿಂದೊಮ್ಮೆ ನಮ್ಮೂರಿನಲ್ಲಿ ತಪಾಸಣೆಯ ಶಿಬಿರವೊಂದು ನಡೆದಾಗ ನಾವು ಒಂದು ಹೊತ್ತು ಅಲ್ಲಿದ್ದೆವು. ಒಳಗೆ ದಾದಿಯರು ಕಾದು ಕುಳಿತಿದ್ದರು. ಬಾಗಿಲವರೆಗೆ ಬಂದ ಹೆಂಗಸರಲ್ಲಿ ಎಷ್ಟೋ ಮಂದಿ "ಮನೆಯಲ್ಲಿ ಕೇಳಿಕೊಂಡು ಬರುತ್ತೇನಮ್ಮ" ಎಂದು ಹಿಂದಿರುಗಿದರು. ಮತ್ತೆ ಬಂದವರನ್ನು ನಾವು ಕಾಣಲಿಲ್ಲ. ಎದುರಿನ ಚಹದಂಗಡಿಯಲ್ಲಿ, ಆ 'ಮನೆ'ಯೆನಿಸಿದ ಮಹನೀಯರಲ್ಲಿ ಕೆಲವರು ಪತ್ರಿಕೆ ಓದುತ್ತ ಕುಳಿತಿದ್ದರು. ನಮ್ಮ ಪತ್ರಿಕೆಯನ್ನೇ ಓದುತ್ತಿದ್ದರೆಂದು ಹೇಳಲು ಸಂಕೋಚವಾಗುತ್ತದೆ. ಈಗ ಸ್ತ್ರೀಯರು ತಮ್ಮ ಮಾದರಿಯನ್ನು ತಾವೇ ಏಕಾಂತದಲ್ಲಿ ತೆಗೆದುಕೊಡುವ ವಿಧಾನವೂ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದೆ. ಪರಪುರುಷ ವೈದ್ಯನೆಂಬ ನೆವಕ್ಕೂ ಇನ್ನು ಎಡೆಯಿಲ್ಲ.

ಎರಡನೆಯದು ಲಸಿಕೆ. ಇಲ್ಲಿ ಗಂಡುಮಕ್ಕಳ ಪಾಲು ನೇರವಾಗಿಯೇ ಇದೆ. ಸೋಂಕು ತಗುಲುವುದಕ್ಕೆ ಮೊದಲು ಹಾಕಿಸಿದರೆ ಇದರಷ್ಟು ಬಲವಾದ ರಕ್ಷೆ ಕ್ಯಾನ್ಸರಿನ ವಿಷಯದಲ್ಲಿ ಮತ್ತೊಂದಿಲ್ಲ. ಸ್ಕಾಟ್‌ಲೆಂಡಿನಲ್ಲಿ ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲಿ ಪೂರ್ತಿ ಲಸಿಕೆ ಪಡೆದ ಹುಡುಗಿಯರಲ್ಲಿ ಮುಂದೆ ಒಬ್ಬಳಿಗೂ ಈ ಕ್ಯಾನ್ಸರ್ ಬಂದಿಲ್ಲವೆಂದು ೨೦೨೪ರಲ್ಲಿ ವರದಿಯಾಯಿತು. ಆಸ್ಟ್ರೇಲಿಯದವರು ೨೦೧೩ರಿಂದ, ಬ್ರಿಟನ್ನಿನವರು ೨೦೧೯ರಿಂದ ಶಾಲೆಯ ಹುಡುಗರಿಗೂ ಹಾಕಿಸುತ್ತ ಬಂದಿದ್ದಾರೆ. ಪುಣೆಯ ಸೀರಂ ಸಂಸ್ಥೆಯವರು ಸ್ವದೇಶದಲ್ಲಿಯೇ ಸಿದ್ಧಪಡಿಸಿದ ಸರ್ವಾವ್ಯಾಕ್ ಎಂಬ ಲಸಿಕೆ ೨೦೨೨ರಲ್ಲಿ ಅನುಮತಿ ಪಡೆದು ೨೦೨೩ರಲ್ಲಿ ಪೇಟೆಗೆ ಬಂತು. ಹುಡುಗಿಯರಂತೆ ಹುಡುಗರಿಗೂ ಅದು ಸಲ್ಲುತ್ತದೆ. ಸರಕಾರದ ಹಣ ಮೊದಲು ಹೆಣ್ಣುಮಕ್ಕಳಿಗೆ ವಿನಿಯೋಗವಾಗತಕ್ಕದ್ದೆಂಬ ವಾದವನ್ನು ನಾವು ಒಪ್ಪುತ್ತೇವೆ. ೨೦೧೯ರ ಅಂದಾಜಿನಂತೆ ಜಗತ್ತಿನಲ್ಲಿ ಈ ಸೋಂಕಿನಿಂದ ಕ್ಯಾನ್ಸರಿಗೆ ತುತ್ತಾದವರು ಹೆಂಗಸರಲ್ಲಿ ೬,೨೦,೦೦೦, ಗಂಡಸರಲ್ಲಿ ೭೦,೦೦೦. ಪಂಜಾಬಿನವರು ೨೦೧೬ರಲ್ಲಿ, ಸಿಕ್ಕಿಮಿನವರು ೨೦೧೮ರಲ್ಲಿ ಹೆಣ್ಣುಮಕ್ಕಳಿಂದಲೇ ಆರಂಭಿಸಿದ್ದು ಸರಿಯಾದದ್ದೇ. ಆದರೆ ಸ್ವಂತ ಖರ್ಚಿನಲ್ಲಿ ಹಾಕಿಸಬಲ್ಲವರು ಮಗಳಿಗೆ ಹಾಕಿಸುವಾಗ ಮಗನನ್ನು ಮನೆಯಲ್ಲಿ ಬಿಟ್ಟುಹೋಗುವುದೇಕೆ? ಮಗನ ಕೈಯಲ್ಲಿರುವ ಮೊಬೈಲಿನ ಬೆಲೆಯನ್ನು ಒಮ್ಮೆ ನೆನೆದುಕೊಂಡರೆ ಸಾಕು.

ಲಸಿಕೆಯ ಮಾತು ಬಂದಾಗಲೆಲ್ಲ ಕೆಲವರು ೨೦೧೦ರ ಪ್ರಸಂಗವನ್ನು ಎತ್ತುತ್ತಾರೆ, ಎತ್ತುವುದು ತಪ್ಪಲ್ಲ. ಆಗ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಬಡ ಹುಡುಗಿಯರಿಗೆ ಲಸಿಕೆ ಹಾಕುವ ಯೋಜನೆಯೊಂದು ನಡೆದು, ಏಳು ಹುಡುಗಿಯರು ತೀರಿಕೊಂಡರೆಂದು ಗದ್ದಲವೆದ್ದು ನಿಂತುಹೋಯಿತು. ಸಾವಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆಯಲ್ಲಿ ತಿಳಿಯಿತು. ಆದರೆ ತಂದೆತಾಯಿಗಳ ಒಪ್ಪಿಗೆಯನ್ನು ಸರಿಯಾಗಿ ಪಡೆಯದೆ ನಡೆಸಿದ್ದನ್ನು ಸಂಸತ್ತಿನ ಸಮಿತಿ ೨೦೧೩ರಲ್ಲಿ ಕಟುವಾಗಿ ಖಂಡಿಸಿತು. ಆ ಖಂಡನೆ ನ್ಯಾಯವಾದದ್ದು. ಇದರ ಜೊತೆಗೇ ನಡೆಯುತ್ತಿದ್ದ ಮತ್ತೊಂದು ಪ್ರಯೋಗವೂ ಆ ಗದ್ದಲದಲ್ಲಿ ನಡುವೆಯೇ ನಿಂತಿತು. ಹೀಗಾಗಿ ಸಾವಿರಾರು ಹುಡುಗಿಯರಿಗೆ ಒಂದೇ ಚುಚ್ಚುಮದ್ದು ಸಿಕ್ಕಿತು. ಅವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ ಆ ಒಂದೇ ಚುಚ್ಚುಮದ್ದು ಎರಡು ಮೂರರಷ್ಟೇ ಕಾಪಾಡಿದ್ದು ೨೦೨೧ರಲ್ಲಿ ಬೆಳಕಿಗೆ ಬಂತು. ಒಂದು ಚುಚ್ಚುಮದ್ದೂ ಆಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಒಪ್ಪಿದ್ದಕ್ಕೆ ಇದೂ ಒಂದು ಆಧಾರ. ಕೆಟ್ಟ ಗಳಿಗೆಯಲ್ಲಿ ಬಿತ್ತಿದ ಬೀಜವೂ ಒಮ್ಮೊಮ್ಮೆ ಮೊಳೆಯುತ್ತದೆ.

ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿದ್ದಾರೆ. ಅವರ ಲಕ್ಷ್ಯಕ್ಕೆ ಒಂದು ಸಣ್ಣ ಸಂಗತಿಯನ್ನು ತರಬಯಸುತ್ತೇವೆ. ಸೋಂಕು ಇದೆಯೆಂದು ಫಲಿತಾಂಶ ಬಂದ ಸ್ತ್ರೀಗೆ ಆಸ್ಪತ್ರೆಯಲ್ಲಿ ಕೈಗೆ ಹಾಳೆ ಕೊಟ್ಟು ಕಳುಹಿಸುತ್ತಾರೆ. ಅದರ ಅರ್ಥವನ್ನು ಆಕೆಗೂ ಆಕೆಯ ಗಂಡನಿಗೂ ಒಟ್ಟಿಗೆ ಕುಳ್ಳಿರಿಸಿ ಹೇಳುವವರಿಲ್ಲ. ಹತ್ತು ನಿಮಿಷದ ಕೆಲಸ. ಇದು ಕ್ಯಾನ್ಸರಲ್ಲ, ಯಾರ ನಡತೆಯ ಸಾಕ್ಷಿಯೂ ಅಲ್ಲ, ಗಂಡನಿಗೆ ಪರೀಕ್ಷೆ ಬೇಕಿಲ್ಲ, ಹೆಂಡತಿಗೆ ಎರಡನೆಯ ತಪಾಸಣೆ ತಪ್ಪಬಾರದು ಎಂದು ಇಷ್ಟನ್ನು ತಾಯಿನುಡಿಯಲ್ಲಿ ಹೇಳುವ ಏರ್ಪಾಡು ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ಆಗಬೇಕು. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ.

ಪತ್ರಲೇಖಕರಿಗೆ ನಾವು ಪ್ರತ್ಯೇಕವಾಗಿ ಉತ್ತರ ಬರೆದು, ಆ ಪ್ರಯೋಗಶಾಲೆಯ ಹಾಳೆಯನ್ನು ಹರಿದುಹಾಕಬೇಕೆಂದೂ, ತಾವೇ ಹೋಗಿ ಪತ್ನಿಯವರನ್ನು ಕರೆದುಕೊಂಡು ಬರಬೇಕೆಂದೂ, ನಮ್ಮ ಹಳೆಯ ಲೇಖನಕ್ಕಾಗಿ ಅವರಿಬ್ಬರೂ ನಮ್ಮನ್ನು ಕ್ಷಮಿಸಬೇಕೆಂದೂ ಕೇಳಿಕೊಂಡಿದ್ದೇವೆ. ಎರಡು ತಿಂಗಳೊಳಗಾಗಿ ಮತ್ತೆ ಬಂದು ಗರ್ಭಕೊರಳನ್ನು ದುರ್ಬೀನಿನಲ್ಲಿ ತೋರಿಸಿಕೊಳ್ಳತಕ್ಕದ್ದೆಂದು ಆಕೆಯ ಫಲಿತಾಂಶದ ಕೆಳಗೆ ವೈದ್ಯರು ಬರೆದಿದ್ದರೆಂಬುದು ಅವರ ಕಾಗದದಲ್ಲಿಯೇ ಇದೆ. ಹಾಗೆ ಬರೆದು ಐದು ತಿಂಗಳಾಯಿತು. ಉತ್ತರವನ್ನು ಮುಗಿಸುವ ಮುನ್ನ, ಮೊದಲು ಮನೆಗಲ್ಲ, ತವರೂರಿನಿಂದ ನೇರವಾಗಿ ಆಸ್ಪತ್ರೆಗೇ ಕರೆದುಕೊಂಡು ಹೋಗಿರಿ ಎಂದು ಒಂದು ಸಾಲನ್ನು ಸೇರಿಸಿದೆವು.